ನಮ್ಮೂರ ಪಾರಿಜಾತ ಜರ್ಮನಿಯಲ್ಲಿ ಯಾಕೆ ಕಾಣಲಿಲ್ಲ?

ರಾತ್ರಿ ಹನ್ನೊಂದಕ್ಕೆ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ. ಎತ್ತಿದರೆ ನಮ್ಮ ಕಾಕಾನ ಮಗ.

‘ಅಕ್ಕಾ, ನಮ್ಮ ಪಾರಿಜಾತ ಜರ್ಮನಿಯೊಳಗ ಕಾಣವಲ್ದು.’

ಅವನಿಗೆ ಗೋಕಾಕದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಜೊತೆಗೆ ಒಂದು ಸಣ್ಣ ವಿಡಿಯೊ ಚಾನೆಲ್. ಮೂಡಲಗಿ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಆಡಿದ ಶ್ರೀಕೃಷ್ಣ ಪಾರಿಜಾತವನ್ನು ಎರಡು ಫೋನ್, ಒಂದು ಎರವಲು ಮೈಕ್ ಇಟ್ಟುಕೊಂಡು ಬೆಳಗಿನವರೆಗೆ ನಿದ್ದೆಗೆಟ್ಟು ಚಿತ್ರಿಸಿದ್ದ. ಚೆನ್ನಾಗಿ ಬಂದಿತ್ತು. ಮೂರು ತಾಸಿಗೆ ಇಳಿಸಿ ಹಾಕಿದ. ದೋಹಾದಲ್ಲಿರುವ ನಮ್ಮ ಮಾಮಾ ಪೂರ್ತಿ ನೋಡಿ, ಗೌಳಗಿತ್ತಿಯ ಭಾಗವನ್ನು ಎರಡು ಸಲ ನೋಡಿ, ಮನೆಯ ಗ್ರೂಪಿಗೆ ಕಳಿಸಿದ್ದೂ ಆಯ್ತು. ಆದರೆ ಮ್ಯೂನಿಕ್‌ನಲ್ಲಿರುವ ತಂಗಿ ಲಿಂಕ್ ಒತ್ತಿದರೆ ಕರಿ ಪರದೆ. ಕಾಪಿರೈಟ್ ಕಾರಣಕ್ಕೆ ನಿಮ್ಮ ದೇಶದಲ್ಲಿ ಈ ವಿಡಿಯೊ ಸಿಗುವುದಿಲ್ಲ ಅಂತ ಒಂದು ಸಾಲು.

ತಮ್ಮ ಅದಕ್ಕೊಂದು ಸಿದ್ಧಾಂತವನ್ನೂ ಕಟ್ಟಿಟ್ಟಿದ್ದ. ‘ಜರ್ಮನಿ ಕಾಪಿರೈಟ್ ಒಪ್ಪಂದಕ್ಕ ಸೇರೇತಿ. ಕತಾರ್ ಸೇರಿಲ್ಲ. ಅಷ್ಟ ವಿಷಯ. ಸೇರದ ದೇಶಗಳ ಲಿಸ್ಟ್ ಒಂದ ಕಳಸು, ನಾ ಅಲ್ಲೆ ಅಷ್ಟ ಬಿಡತೀನಿ.’

ನನ್ನ ಕೆಲಸ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಲೈಸೆನ್ಸ್ ಕಾಗದ ನೋಡೋದು. ಹಾಗಾಗಿ ಮನೆಯವರ ಲೆಕ್ಕದಲ್ಲಿ ನಾನು ಅರ್ಧ ವಕೀಲೆ. ನಾಳೆ ನೋಡಿ ಹೇಳ್ತೀನಿ ಅಂದು ಮಲಗಿದೆ. ಮರುದಿನ ಊಟದ ಬಿಡುವಿನಲ್ಲಿ ಪಟ್ಟಿ ತೆಗೆದು ನೋಡಿದರೆ, ಕತಾರ್ ಇದೆ! 2000ನೇ ಇಸವಿಯಿಂದಲೂ ಇದೆ.

ಕಾಪಿರೈಟ್ ವಿಷಯದಲ್ಲಿ ದೊಡ್ಡಣ್ಣನಂಥ ಒಪ್ಪಂದ ಒಂದಿದೆ, ಬರ್ನ್ ಒಪ್ಪಂದ. ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣದಲ್ಲಿ 1886ರ ಸೆಪ್ಟೆಂಬರ್‌ನಲ್ಲಿ ಸಹಿ ಆದದ್ದು, ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಜಾರಿಗೆ ಬಂದದ್ದು. ಜರ್ಮನಿ ಮೊದಲ ದಿನದಿಂದಲೇ ಇದೆ. ಬ್ರಿಟನ್ ಸಹಿ ಹಾಕುವಾಗ ತನ್ನ ವಸಾಹತುಗಳನ್ನೂ ಸೇರಿಸಿಕೊಂಡೇ ಹಾಕಿತು. ಅಂದರೆ ಆಗ ಮುಂಬೈ ಪ್ರಾಂತದಲ್ಲಿದ್ದ ನಮ್ಮ ಗೋಕಾಕ ಕೂಡ, ಯಾರಿಗೂ ಗೊತ್ತಿಲ್ಲದ ಹಾಗೆ, ಅವತ್ತೇ ಒಳಗೆ ಬಂತು. ಫಾಲ್ಸ್ ಮೇಲೆ ನೂಲಿನ ಗಿರಣಿ ಎದ್ದ ದಶಕವೂ ಅದೇ. ಗಿರಣಿಯ ಭೋಂಗಾ ಊರಿಗೆಲ್ಲ ಕೇಳಿಸಿತು, ಬರ್ನ್ ಸುದ್ದಿ ಯಾರಿಗೂ ಕೇಳಿಸಲಿಲ್ಲ. ತನ್ನದೇ ಹೆಸರಿನಲ್ಲಿ ಭಾರತ ಸದಸ್ಯ ಆದದ್ದು 1928ರ ಏಪ್ರಿಲ್ 1ರಿಂದ.

ಈಗ ಆ ಪಟ್ಟಿಯಲ್ಲಿ 180ಕ್ಕೂ ಹೆಚ್ಚು ದೇಶಗಳಿವೆ. ನಮ್ಮ ನೆರೆಹೊರೆ ನೋಡಿ: ಪಾಕಿಸ್ತಾನ 1948ರಲ್ಲೇ ಸೇರಿತು, ಶ್ರೀಲಂಕಾ 1959ರಲ್ಲಿ. ಚೀನಾ 1992ರವರೆಗೆ ಹೊರಗಿತ್ತು. ಬಾಂಗ್ಲಾದೇಶ 1999, ಭೂತಾನ್ 2004, ನೇಪಾಳ 2006, ಅಫ್ಗಾನಿಸ್ತಾನ ತೀರಾ ಇತ್ತೀಚೆಗೆ, 2018ರಲ್ಲಿ. ತೈವಾನ್ ಬರ್ನ್ ಪಟ್ಟಿಯಲ್ಲಿಲ್ಲ, ಆದರೆ 2002ರಿಂದ ವಿಶ್ವ ವ್ಯಾಪಾರ ಸಂಘಟನೆಯಲ್ಲಿದೆ. ಆ ಸಂಘಟನೆಗೆ ಸೇರಿದವರು ಬರ್ನ್‌ನ ಮುಖ್ಯ ನಿಯಮಗಳನ್ನು ಪಾಲಿಸಲೇಬೇಕು, ಹಾಗಾಗಿ ಹಿಂಬಾಗಿಲಿನಿಂದ ಒಳಗೆ ಬಂದ ಹಾಗೇ. ಹೊರಗೆ ಉಳಿದ ದೊಡ್ಡ ದೇಶಗಳಲ್ಲಿ ಇರಾನ್ ಒಂದು. ಅದರ ಕಥೆ ಆಮೇಲೆ ಹೇಳ್ತೀನಿ, ಹುಕ್ಕೇರಿಯ ನನ್ನ ಗೆಳತಿಯೊಬ್ಬಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾಳೆ.

ತಡ ಮಾಡಿಯೂ ದೊಡ್ಡಸ್ತಿಕೆ ಮೆರೆದದ್ದು ಅಮೆರಿಕ. ಇವತ್ತು ಕಾಪಿರೈಟ್ ಬಗ್ಗೆ ಊರಿಗೆಲ್ಲ ಪಾಠ ಹೇಳುವ ಆ ದೇಶ ಬರ್ನ್‌ಗೆ ಸೇರಿದ್ದು 1989ರ ಮಾರ್ಚ್ 1ಕ್ಕೆ. 1891ರವರೆಗಂತೂ ಹೊರದೇಶದ ಲೇಖಕರಿಗೆ ಅಲ್ಲಿ ಕಾಪಿರೈಟೇ ಇರಲಿಲ್ಲ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಅಲ್ಲಿಗೆ ಹೋದಾಗ ಅವನ ಕಾದಂಬರಿಗಳು ಬೀದಿ ಬೀದಿಯಲ್ಲಿ ಮಾರಾಟ ಆಗುತ್ತಿದ್ದವು, ಅವನಿಗೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಸಿಕ್ಕ ಸಿಕ್ಕ ಊಟದ ಕೂಟದಲ್ಲಿ ಅದನ್ನೇ ಎತ್ತಿ ಆಡಿ, ಅಲ್ಲಿಯ ಪತ್ರಿಕೆಗಳಿಂದ ಬೈಸಿಕೊಂಡು ಬಂದ.

ಇಷ್ಟು ಓದಿ ತಮ್ಮನಿಗೆ ಮೆಸೇಜ್ ಹಾಕಿದೆ: ‘ನಿನ್ನ ಲಿಸ್ಟ್ ಇಲ್ಲಪಾ. ಎಲ್ಲಾರೂ ಒಳಗ ಅದಾರ.’

‘ಮತ್ತ ದೋಹಾದಾಗ ಹ್ಯಾಂಗ ಕಾಣತೈತಿ?’

ಅಸಲಿ ವಿಷಯ ಇರೋದು ಇಲ್ಲಿ. ‘ಅಂತರರಾಷ್ಟ್ರೀಯ ಕಾಪಿರೈಟ್’ ಅನ್ನೋ ಒಂದು ವಸ್ತು ಜಗತ್ತಿನಲ್ಲಿ ಎಲ್ಲೂ ಇಲ್ಲ. ಇರೋದು ಆಯಾ ದೇಶದ ಕಾಪಿರೈಟ್. ಬೀಗರ ಮನೆಗೆ ಹೋದರೆ ಅವರ ಮನೆಯವರು ಏನು ಉಣ್ಣುತ್ತಾರೋ ಅದನ್ನೇ ನಿಮಗೂ ಬಡಿಸಬೇಕು, ನಿಮ್ಮನ್ನು ಕಟ್ಟೆಯ ಮೇಲೆ ಕೂಡಿಸಿ ಬೇರೆ ಬಡಿಸುವ ಹಾಗಿಲ್ಲ. ಬರ್ನ್ ಒಪ್ಪಂದದ ಹೂರಣ ಇಷ್ಟೇ. ಜರ್ಮನಿಯವರು ತಮ್ಮ ಲೇಖಕನಿಗೆ ಏನು ಹಕ್ಕು ಕೊಡುತ್ತಾರೋ ಗೋಕಾಕದ ಲೇಖಕನಿಗೂ ಅದನ್ನು ಕೊಡಬೇಕು. ಅದಕ್ಕಾಗಿ ಅಲ್ಲಿಗೆ ಹೋಗಿ ರಿಜಿಸ್ಟರ್ ಮಾಡಿಸು, ಅರ್ಜಿ ತುಂಬು ಅನ್ನುವ ಹಾಗಿಲ್ಲ. ಬರೆದ ಕ್ಷಣದಿಂದ ಹಕ್ಕು ಇದೆ. ಹಾಗಾಗಿ ಒಂದೇ ಹಾಡಿನ ಹಕ್ಕನ್ನು ದೇಶಕ್ಕೊಬ್ಬರಿಗೆ ಬೇರೆ ಬೇರೆ ಮಾರಬಹುದು, ಒಂದೇ ಹೊಲವನ್ನು ಗುಂಟೆ ಗುಂಟೆ ಮಾಡಿ ಕೊಟ್ಟ ಹಾಗೆ. ಯಾವ ಗುಂಟೆ ಯಾರ ಹೆಸರಲ್ಲಿದೆಯೋ ಅವರು ಅಲ್ಲಿ ಮಾತ್ರ ಬೇಲಿ ಹಾಕಬಹುದು.

ಹಾಗಾದರೆ ಪಾರಿಜಾತದ ಮೇಲೆ ಜರ್ಮನಿಯಲ್ಲಿ ಬೇಲಿ ಹಾಕಿದವರು ಯಾರು? ಪಾರಿಜಾತದ ಮೇಲೆ ಹಾಗೆ ಬೇಲಿ ಹಾಕೋಕೆ ಸಾಧ್ಯವಾದರೂ ಇದೆಯಾ?

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೆಂಗಳೂರು ಕಡೆಯ ಓದುಗರಿಗಾಗಿ ಹೇಳ್ತೀನಿ. ಶ್ರೀಕೃಷ್ಣ ಪಾರಿಜಾತ ಅಂದರೆ ರುಕ್ಮಿಣಿಗೆ ಸಿಕ್ಕ ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಂಡ ಕಥೆ. ದೂತಿ ಇದ್ದಾಳೆ, ಕೊರವಂಜಿ ಇದ್ದಾಳೆ, ಹಾಲು ಮೊಸರು ಮಾರುವ ಗೌಳಗಿತ್ತಿ ಇದ್ದಾಳೆ. ರಾತ್ರಿ ಊಟ ಆದಮೇಲೆ ಶುರುವಾದರೆ ಬೆಳಕು ಹರಿಯುವವರೆಗೆ. ಮೊದಲು ಇದನ್ನು ಬರೆದವನು ಅಪರಾಳ ತಮ್ಮಣ್ಣ. ಅದನ್ನು ನಾವು ಇವತ್ತು ನೋಡುವ ಸಣ್ಣಾಟದ ರೂಪಕ್ಕೆ ತಂದವನು ಕುಲಗೋಡ ತಮ್ಮಣ್ಣ. ಆ ಕುಲಗೋಡ ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಇಬ್ಬರು ತಮ್ಮಣ್ಣರು, ಒಂದು ಪಾರಿಜಾತ. ಇವತ್ತಿನ ಕಾಯ್ದೆಯ ಕನ್ನಡಕ ಹಾಕಿಕೊಂಡು ನೋಡಿದರೆ ಎರಡನೆಯವನು ಮೊದಲನೆಯವನ ಒಪ್ಪಿಗೆ ತಗೋಬೇಕಿತ್ತು. ಆ ಕಾಲಕ್ಕೆ ಆ ಕನ್ನಡಕ ಇರಲಿಲ್ಲ, ನಮಗೆ ಪಾರಿಜಾತ ಸಿಕ್ಕಿತು. ಈ ಮಾತು ನನಗೆ ಯಾವಾಗಲೂ ಸ್ವಲ್ಪ ಕಾಡುತ್ತೆ.

ಇರಲಿ. ಇಬ್ಬರೂ ತೀರಿಕೊಂಡು ತಲೆಮಾರುಗಳೇ ಆದವು. ನಮ್ಮ 1957ರ ಕಾಯ್ದೆ ಪ್ರಕಾರ ಲೇಖಕ ತೀರಿಹೋದ ಮೇಲೆ 60 ವರ್ಷ ಹಕ್ಕು ಇರುತ್ತೆ, ಆಮೇಲೆ ಎಲ್ಲರದು. ಅಂದಮೇಲೆ ಪಾರಿಜಾತದ ಪದಗಳು, ಮಾತು, ಮಟ್ಟು ಯಾವ ದೇಶದಲ್ಲೂ ಯಾರ ಸ್ವತ್ತೂ ಅಲ್ಲ. ತಮ್ಮನ ವಾದವೂ ಇದೇ. ‘ಇದು ನಮ್ಮ ಮುತ್ಯಾನ ಮುತ್ಯಾನ ಕಾಲದ್ದು, ಯಾಂವ ಬಂದ ಕ್ಲೇಮ್ ಹಾಕ್ತಾನ?’

ವಿಡಿಯೊ ಮೊದಲಿಂದ ನೋಡಿದೆ. ಶುರುವಿನಲ್ಲಿ ಹೆಸರು ತೋರಿಸುವಾಗ 40 ಸೆಕೆಂಡ್ ಒಂದು ಗಣಪತಿ ಸ್ತುತಿ ಬರುತ್ತೆ. ಎಷ್ಟು ಚೆಂದದ ದನಿ! ಮೈಕ್ ಎರವಲು, ಗಾಳಿ ಸದ್ದು, ನಾಯಿ ಬೊಗಳೋದು ಎಲ್ಲ ಇರುವ ವಿಡಿಯೊದಲ್ಲಿ ಆ 40 ಸೆಕೆಂಡ್ ಮಾತ್ರ ಸ್ಟುಡಿಯೊದಲ್ಲಿ ತೊಳೆದಿಟ್ಟ ಹಾಗೆ.

‘ತಮ್ಮಾ, ಈ ಗಣಪತಿ ಪದಾ ಯಾರ ಹಾಡಿದ್ದು?’

ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ: ‘ಅದ ಅಪ್ಪನ ಹಳೇ ಕ್ಯಾಸೆಟ್ಟಿಂದು. ಛಲೋ ಐತಿ ಅಂತ ಹಾಕೀನಿ.’

ಸಿಕ್ಕಿತಲ್ಲ ಗಂಟು. ಪದ ಹಳೆಯದು, ಆದರೆ ಅದನ್ನು ಹಾಡಿಸಿ ಮುದ್ರಿಸಿದ ಧ್ವನಿಮುದ್ರಣ ಬೇರೆಯದೇ ಸ್ವತ್ತು. ನಮ್ಮಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ವರ್ಷದ ನಂತರ 60 ವರ್ಷ ಹಕ್ಕು. 1985ರಲ್ಲಿ ಬಂದ ಕ್ಯಾಸೆಟ್ ಆದರೆ 2045ರ ಕೊನೆಯವರೆಗೆ ಅದು ಕಂಪನಿಯದು. ಆ ಹಳೆಯ ಕ್ಯಾಸೆಟ್ಟಿನ ಹಕ್ಕು ಈಗ ಇನ್ಯಾವುದೋ ಕಂಪನಿಯ ಕೈಯಲ್ಲಿದೆ. ಅವರು ತಮ್ಮ ಹಾಡುಗಳನ್ನು ಯಂತ್ರಕ್ಕೆ ಕೊಟ್ಟಿದ್ದಾರೆ. ಯಂತ್ರ ದನಿ ಹೊಂದಿಸಿ ನೋಡಿತು, ತಾಳೆ ಆಯಿತು, ಕಂಪನಿ ಯಾವ ಯಾವ ದೇಶದಲ್ಲಿ ತಡೆಯಿರಿ ಅಂದಿತ್ತೋ ಅಲ್ಲಿ ತಡೆಯಿತು. ಜರ್ಮನಿ ಆ ಪಟ್ಟಿಯಲ್ಲಿತ್ತು, ಕತಾರ್ ಇರಲಿಲ್ಲ. ಒಪ್ಪಂದದ ಪಟ್ಟಿ ಅಲ್ಲ ಅದು, ಕಂಪನಿಯ ಪಟ್ಟಿ. ಮೂರು ತಾಸಿನ ಆಟ 40 ಸೆಕೆಂಡಿಗೆ ನಿಂತಿತು ಅನ್ನೋದು ಅನ್ಯಾಯ ಅಂತ ನನಗೂ ಅನಿಸಿತು. ಆದರೆ ತಪ್ಪು ನಮ್ಮದೇ.

ಪಟ್ಟಿ ತೆರೆದೇ ಇತ್ತಲ್ಲ, ಕುತೂಹಲಕ್ಕೆ ನಮ್ಮ ಕಡೆಯ ಲೇಖಕರ ಲೆಕ್ಕ ಹಾಕಿದೆ. ಮೊದಲು ಒಂದು ಮಾತು: ಗೋಕಾಕ ಅಂತ ಹುಡುಕಿದರೆ ಫೋನು ವಿ.ಕೃ. ಗೋಕಾಕರನ್ನೇ ತಂದು ನಿಲ್ಲಿಸುತ್ತೆ. ಅವರು ಹುಟ್ಟಿದ್ದು ಸವಣೂರಿನಲ್ಲಿ. ಹುಕ್ಕೇರಿ ಬಾಳಪ್ಪನವರು ಮುರಗೋಡದವರು. ಊರು ನಮ್ಮದು, ಹೆಸರು ಅವರದು, ಇದಕ್ಕೆ ಯಾವ ಕಾಪಿರೈಟೂ ಇಲ್ಲ! ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದವರು ಅಂದರೆ ಬೆಟಗೇರಿಯ ಕೃಷ್ಣಶರ್ಮರು, ನಮಗೆ ಪಠ್ಯದಲ್ಲಿ ಗೊತ್ತಿರುವ ಆನಂದಕಂದ. ಮತ್ತೆ ಮಲಾಮರಡಿಯ ಬಸವರಾಜ ಕಟ್ಟೀಮನಿ.

ಆನಂದಕಂದರು ತೀರಿಕೊಂಡದ್ದು 1982ರಲ್ಲಿ. 60 ವರ್ಷ ಕೂಡಿಸಿ, 2042ರ ಡಿಸೆಂಬರ್ 31ರವರೆಗೆ ಹಕ್ಕು ವಾರಸುದಾರರದು. 2043ರ ಹೊಸ ವರ್ಷದ ಬೆಳಿಗ್ಗೆ ಅವರ ಕವಿತೆಗಳನ್ನು ಯಾರು ಬೇಕಾದರೂ ಹಾಡಿ, ಅಚ್ಚು ಹಾಕಿ ಮಾರಬಹುದು. ಜರ್ಮನಿಯಲ್ಲಿ ಲೇಖಕರಿಗೆ ಸಿಗೋದು 70 ವರ್ಷ. ಬೀಗರ ಮನೆ ಊಟ ಅಂದೆನಲ್ಲ, ಹಾಗಾದರೆ ಆನಂದಕಂದರಿಗೂ ಅಲ್ಲಿ 70 ಸಿಗಬೇಕಲ್ಲ? ಇಲ್ಲ. ಅವಧಿ ವಿಷಯದಲ್ಲಿ ಮಾತ್ರ ಬರ್ನ್ ಒಂದು ಸಣ್ಣ ಜಿಪುಣತನ ಇಟ್ಟುಕೊಂಡಿದೆ: ನಿಮ್ಮ ಮನೆಯಲ್ಲಿ ಮುಗಿದುಹೋದದ್ದನ್ನು ನಮ್ಮ ಮನೆಯಲ್ಲಿ ಮುಂದುವರಿಸಬೇಕಿಲ್ಲ. ಹಾಗಾಗಿ ಅಲ್ಲೂ 60ಕ್ಕೇ ಮುಗಿಯುತ್ತೆ. ಅಮೆರಿಕ ಈ ನಿಯಮವನ್ನೂ ಪಾಲಿಸುವುದಿಲ್ಲ, ಹಳೆಯ ಪುಸ್ತಕಗಳಿಗೆ ಅಲ್ಲಿ ಅಚ್ಚಾದ ವರ್ಷದಿಂದ 95 ವರ್ಷ ಅಂತ ತನ್ನದೇ ಲೆಕ್ಕ. ಇದರಿಂದ ಒಂದು ತಮಾಷೆ ಆಗುತ್ತೆ. ಆನಂದಕಂದರ ಬರಹ 1929ರೊಳಗೆ ಎಲ್ಲಾದರೂ ಅಚ್ಚಾಗಿದ್ದರೆ ಅದು ಅಮೆರಿಕದಲ್ಲಿ ಆಗಲೇ ಎಲ್ಲರದು. ಬೆಟಗೇರಿಯಲ್ಲಿ ಇನ್ನೂ ಅಲ್ಲ.

ಅಂದಹಾಗೆ ನಮ್ಮಲ್ಲೂ ಮೊದಲು 50 ವರ್ಷವೇ ಇತ್ತು. ರವೀಂದ್ರನಾಥ ಟ್ಯಾಗೋರರು ತೀರಿಕೊಂಡದ್ದು 1941ರಲ್ಲಿ, 1991ರ ಕೊನೆಗೆ ಹಕ್ಕು ಮುಗಿಯಬೇಕಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಸರ್ಕಾರ ಸುಗ್ರೀವಾಜ್ಞೆ ತಂದು, 1992ರಲ್ಲಿ ಕಾಯ್ದೆ ತಿದ್ದಿ 60 ಮಾಡಿತು. ಒಬ್ಬ ಕವಿಗಾಗಿ ಇಡೀ ದೇಶದ ಲೇಖಕರಿಗೆ ಹತ್ತು ವರ್ಷ ಬೋನಸ್.

ಕಟ್ಟೀಮನಿಯವರು 1989ರಲ್ಲಿ ಹೋದರು, ಅವರ ಕಾದಂಬರಿಗಳು 2050ರಿಂದ ಎಲ್ಲರವು. ಅವರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ಆಗ ಸೋವಿಯತ್ ಒಕ್ಕೂಟ ಬರ್ನ್‌ನಲ್ಲೂ ಇರಲಿಲ್ಲ, ಅದರ ಜೊತೆಗಿದ್ದ ಇನ್ನೊಂದು ದೊಡ್ಡ ಒಪ್ಪಂದದಲ್ಲೂ ಇರಲಿಲ್ಲ. ಆ ಎರಡನೆಯದಕ್ಕೆ ಸೇರಿದ್ದೇ 1973ರಲ್ಲಿ, ರಷ್ಯಾ ಬರ್ನ್‌ಗೆ ಬಂದದ್ದು 1995ರಲ್ಲಿ. ಅಂದರೆ ಪ್ರಶಸ್ತಿ ಕೊಟ್ಟ ವರ್ಷ ಆ ದೇಶದವರು ನಮ್ಮ ಮಲಾಮರಡಿಯ ಲೇಖಕರ ಪುಸ್ತಕವನ್ನು ಕೇಳದೆಯೇ ಅನುವಾದ ಮಾಡಿಕೊಂಡಿದ್ದರೂ ಯಾವ ಒಪ್ಪಂದವೂ ಅಡ್ಡ ಬರುತ್ತಿರಲಿಲ್ಲ. ಕಾಯುವ ತಾಳ್ಮೆ ಇಲ್ಲದ ವಾರಸುದಾರರಿಗೆ ಇನ್ನೊಂದು ದಾರಿಯೂ ಇದೆ. ಕಟ್ಟೀಮನಿಯವರ ಕಾಲದವರೇ ಆದ ನಿರಂಜನರ ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟರು. ಇಂಥ ಮನಸ್ಸು ಇನ್ನೂ ನಾಲ್ಕು ಮನೆಗಳಲ್ಲಿ ಹುಟ್ಟಲಿ ಅಂತ ನನ್ನ ಆಸೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಗೆದ್ದಲಿಗೆ ಸಿಗುವ ಹಕ್ಕಿಗೆ ಯಾವ ದೇಶದಲ್ಲೂ ಬೆಲೆ ಇಲ್ಲ.

ಈಗ ಹುಕ್ಕೇರಿಗೆ ಬರೋಣ. ಗೆಳತಿ ಅಲ್ಲಿ ಹೈಸ್ಕೂಲು ಟೀಚರ್. ಇರಾನಿನ ಸಮದ್ ಬೆಹ್ರಂಗಿ ಬರೆದ ಪುಟ್ಟ ಕಪ್ಪು ಮೀನಿನ ಕಥೆ ಅಂದರೆ ಅವಳಿಗೆ ಪ್ರಾಣ. ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಮಕ್ಕಳಿಗೆ ಹೇಳಬೇಕು, ಸಣ್ಣ ಪುಸ್ತಕವನ್ನೂ ಮಾಡಬೇಕು ಅಂತ ವರ್ಷದಿಂದ ಕುಣಿಯುತ್ತಿದ್ದಾಳೆ. ಅದೇ ವಾರ ನನಗೆ ಕೇಳಿದಳು: ‘ಇರಾನ್ ಲಿಸ್ಟಿನಾಗ ಇಲ್ಲ ಅಂದಿಯಲ್ಲ, ಹಂಗಾರ ನಾ ಬೇಫಿಕೀರ್ ಮಾಡಬಹುದಲ್ಲ?’

ಅರ್ಧ ಹೌದು. ನಮ್ಮ ಸರ್ಕಾರದ ಆದೇಶದ ಪಟ್ಟಿಯಲ್ಲಿರುವ ದೇಶಗಳ ಕೃತಿಗಳಿಗೆ ಮಾತ್ರ ಇಲ್ಲಿ ರಕ್ಷಣೆ. ಇರಾನ್‌ನವರು ಇರಾನ್‌ನಲ್ಲೇ ಮೊದಲು ಪ್ರಕಟಿಸಿದ ಪುಸ್ತಕಕ್ಕೆ ಇಲ್ಲಿ ಆ ರಕ್ಷಣೆ ಸಿಗುವುದಿಲ್ಲ. ಅದೇ ಪುಸ್ತಕ 30 ದಿನದೊಳಗೆ ಸದಸ್ಯ ದೇಶವೊಂದರಲ್ಲೂ ಬಂದಿದ್ದರೆ ಕಥೆ ಬೇರೆ. ಕಪ್ಪು ಮೀನು ಅಲ್ಲೇ 1968ರಲ್ಲಿ ಬಂದದ್ದು, ಲೇಖಕನೂ ಅದೇ ವರ್ಷ ನದಿಯಲ್ಲಿ ಮುಳುಗಿ ತೀರಿಕೊಂಡ, ಮೂವತ್ತೂ ತುಂಬಿರಲಿಲ್ಲ.

‘ಆದರ ನಿನಗ ಪಾರ್ಸಿ ಎಲ್ಲಿ ಬರತೈತಿ?’ ಅಂತ ಕೇಳಿದೆ.

‘ಇಂಗ್ಲಿಷಿಂದ ಮಾಡತೀನಿ.’

ಅಲ್ಲೇ ಗಾಳ ಇರೋದು. ಮೀನಿಗೆ ಬೇಲಿ ಇಲ್ಲ, ಮೀನನ್ನು ಇಂಗ್ಲಿಷಿಗೆ ತಂದವರಿಗೆ ಇದೆ. ಅನುವಾದ ಅನ್ನೋದು ತಾನೇ ಒಂದು ಕೃತಿ, ಅದು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಅಚ್ಚಾಗಿದ್ದರೆ ನಮ್ಮ ಪಟ್ಟಿಯೊಳಗೇ ಬಂತು. ಅವಳು ಅನುವಾದಕರ ಒಪ್ಪಿಗೆ ಕೇಳಬೇಕು, ಇಲ್ಲವೇ ಪಾರ್ಸಿ ಬಲ್ಲ ಒಬ್ಬರನ್ನು ಜೊತೆಗೆ ಕೂಡಿಸಿಕೊಂಡು ಮೂಲದಿಂದಲೇ ಮಾಡಬೇಕು. ಕೇಳಿದರೂ ಹಕ್ಕುದಾರರು ಉತ್ತರ ಕೊಡದಿದ್ದರೆ ನಮ್ಮ ಕಾಯ್ದೆಯ 32ನೇ ಕಲಮು ಇದೆ: ಕೃತಿ ಮೊದಲು ಪ್ರಕಟವಾಗಿ ಏಳು ವರ್ಷ ಕಳೆದಿದ್ದರೆ ಅನುವಾದಕ್ಕೆ ಲೈಸೆನ್ಸ್ ಕೊಡಿ ಅಂತ ಅರ್ಜಿ ಹಾಕಬಹುದು, ಪಾಠಕ್ಕೆ ಅಥವಾ ಸಂಶೋಧನೆಗೆ ಬೇಕಾದ ಹೊರದೇಶದ ಪುಸ್ತಕಕ್ಕೆ ಮೂರೇ ವರ್ಷ. ಹೊಸದಾಗಿ ಸ್ವತಂತ್ರವಾದ ದೇಶಗಳ ಮಕ್ಕಳಿಗೂ ಪುಸ್ತಕ ಬೇಕು ಅಂತ ಭಾರತದಂಥ ದೇಶಗಳು 1967ರಲ್ಲಿ ಸ್ಟಾಕ್‌ಹೋಮ್‌ನಲ್ಲಿ, 1971ರಲ್ಲಿ ಪ್ಯಾರಿಸ್‌ನಲ್ಲಿ ಕೂತು ಜಗಳ ಆಡಿದ್ದಕ್ಕೆ ಬರ್ನ್‌ನಲ್ಲಿ ಸಿಕ್ಕ ಸಣ್ಣ ಕಿಟಕಿ ಅದು. ಕಿಟಕಿ ಇದೆ ಅಂತ ನಮ್ಮ ಅನುವಾದಕರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಅವಳ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ಹುಡುಗ ಇದ್ದಾನೆ. ಅವನಿಗೆ ಬ್ರೈಲ್ ಪ್ರತಿ ಮಾಡೋಕೆ ಯಾರನ್ನು ಕೇಳಬೇಕು ಅಂದಳು. ಯಾರನ್ನೂ ಬೇಡ. 2012ರ ತಿದ್ದುಪಡಿಯಿಂದ ನಮ್ಮ ಕಾಯ್ದೆಯೇ ಅದಕ್ಕೆ ಅವಕಾಶ ಕೊಟ್ಟಿದೆ. 2013ರಲ್ಲಿ ಮೊರಾಕೊದ ಮರಾಕೆಶ್‌ನಲ್ಲಿ ಇದಕ್ಕಾಗಿಯೇ ಒಂದು ಒಪ್ಪಂದ ಆಯಿತು, ಅಂಥ ಪುಸ್ತಕಗಳನ್ನು ದೇಶದಿಂದ ದೇಶಕ್ಕೆ ಕಳಿಸೋಕೂ ದಾರಿ ಆಯಿತು. ಅದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ, 2014ರ ಜೂನ್‌ನಲ್ಲಿ. ಪಟ್ಟಿಯಲ್ಲಿ ನಮ್ಮ ಹೆಸರು ಮೊದಲು ಇರೋದು ನೋಡಿ ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬಳೇ ಖುಷಿಪಟ್ಟೆ.

ತಮ್ಮನ ಕಥೆ ಅಲ್ಲಿಗೇ ಮುಗಿಯಬೇಕಿತ್ತು. 40 ಸೆಕೆಂಡ್ ಕತ್ತರಿಸು ಅಂದೆ, ಹೂಂ ಅಂದ. ಆದರೆ ಬೇರೆಯವರ ಪದರ ಬಿಚ್ಚುತ್ತಾ ಹೋದಾಗ ನಮ್ಮದೇ ಒಂದು ಪದರ ಕೈಗೆ ಬಂತು. ನಾನೇ ಕೇಳಿದೆ: ‘ಮೇಳದವರನ್ನ ಕೇಳಿ ಹಾಕಿಯೇನು ವಿಡಿಯೊ?’

‘ಅವ್ರ ಎದುರಿಗೇ ಶೂಟಿಂಗ್ ಮಾಡೀನಲ್ಲ ಅಕ್ಕಾ.’

ಎದುರಿಗೆ ಮಾಡೋದು ಬೇರೆ, ಕೇಳಿ ಮಾಡೋದು ಬೇರೆ. ಪಾರಿಜಾತ ಯಾರದೂ ಅಲ್ಲದಿರಬಹುದು, ಆ ರಾತ್ರಿ ಆ ವೇದಿಕೆಯ ಮೇಲೆ ಹಾಡಿದ್ದು ಹಾಡಿದವರದೇ. 1994ರಲ್ಲಿ ನಮ್ಮ ಕಾಯ್ದೆಗೆ ಕಲಾವಿದರ ಹಕ್ಕು ಅಂತ ಸೇರಿತು, ಈಗ ಅದು 50 ವರ್ಷ ಇರುತ್ತೆ. ಒಪ್ಪಿಗೆ ಇಲ್ಲದೆ ದನಿಯನ್ನಾಗಲಿ ಚಿತ್ರವನ್ನಾಗಲಿ ಮುದ್ರಿಸಿ ಜಗತ್ತಿಗೆ ಬಿಡುವಂತಿಲ್ಲ. ಒಪ್ಪಿಗೆ ಕೊಟ್ಟ ಮೇಲೂ, ಅದರಿಂದ ವ್ಯಾಪಾರ ನಡೆದರೆ ಅವರಿಗೆ ಪಾಲು ಸಿಗಬೇಕು ಅಂತ 2012ರಲ್ಲಿ ಸೇರಿಸಿದ್ದಾರೆ. ಅಂದರೆ 40 ಸೆಕೆಂಡಿಗೆ ನಮ್ಮನ್ನು ಹಿಡಿದ ಕಂಪನಿಗಿಂತ, ಮೂರು ತಾಸಿಗೆ ನಮ್ಮನ್ನು ಹಿಡಿಯಬಹುದಾದವರು ಮೂಡಲಗಿ ಕಡೆ ಸುಮ್ಮನೆ ಕೂತಿದ್ದರು.

ದೇಶಗಳ ಪಟ್ಟಿ ಮತ್ತೆ ತೆಗೆದೆ. ಬರ್ನ್ ಲೇಖಕರದು, ಕಲಾವಿದರದಲ್ಲ. ಕಲಾವಿದರಿಗಾಗಿ 1961ರಲ್ಲಿ ರೋಮ್‌ನಲ್ಲಿ ಒಂದು ಒಪ್ಪಂದ ಆಯಿತು, ಭಾರತ ಸಹಿ ಹಾಕಿತು, ಸ್ಥಿರೀಕರಿಸಲೇ ಇಲ್ಲ. ಆಮೇಲೆ 1996ರಲ್ಲಿ ಜಿನೀವಾದಲ್ಲಿ ಕಲಾವಿದರು ಮತ್ತು ಧ್ವನಿಮುದ್ರಣದವರಿಗಾಗಿ ಇನ್ನೊಂದು ಆಯಿತು. ಅದಕ್ಕೆ ಭಾರತ ಸೇರಿ ಅದು ನಮಗೆ ಜಾರಿಗೆ ಬಂದದ್ದು 2018ರ ಡಿಸೆಂಬರ್ 25ರಂದು. ಅದರಲ್ಲಿ ನೂರಕ್ಕೂ ಹೆಚ್ಚು ದೇಶಗಳಿವೆ, ಜರ್ಮನಿ ಇದೆ, ಕತಾರ್ ಇದೆ. ಹಾಗಾಗಿ ನಮ್ಮ ಗೌಳಗಿತ್ತಿಯ ದನಿಗೆ ಈಗ ಅಲ್ಲೆಲ್ಲ ಹಕ್ಕು ಇದೆ. ಆದರೆ ದನಿಗೆ ಮಾತ್ರ! ತಲೆಯ ಮೇಲೆ ಗಡಿಗೆ ಇಟ್ಟುಕೊಂಡು ಅವಳು ನಡೆದು ಬರುವ ಠೀವಿ, ಕೃಷ್ಣನನ್ನು ನೋಡಿ ಹುಬ್ಬು ಹಾರಿಸೋದು, ಆ ದೃಶ್ಯಕ್ಕೆ ಬೇರೆ ಒಪ್ಪಂದ. 2012ರಲ್ಲಿ ಬೀಜಿಂಗ್‌ನಲ್ಲಿ ಆದದ್ದು, 2020ರಲ್ಲಿ ಜಾರಿಗೆ ಬಂದದ್ದು. ನಾನು ಇದನ್ನು ಬರೆಯುವ ಹೊತ್ತಿಗೆ ಭಾರತ ಅದಕ್ಕೆ ಸೇರಿಲ್ಲ. ಯಾರು ಸೇರಿದ್ದಾರೆ, ಯಾರು ಇಲ್ಲ ಅನ್ನೋ ಪ್ರಶ್ನೆಗೆ ನಿಜವಾಗಿ ತೂಕ ಬಂದದ್ದು ನನಗೆ ಇಲ್ಲಿ. ಪಾರಿಜಾತದ ಹೆಸರನ್ನು ದೂರದೂರಿಗೆ ಒಯ್ದ ಕೌಜಲಗಿ ನಿಂಗಮ್ಮನಂಥವರು ಇದೇ ನೆಲದಲ್ಲಿ ಕುಣಿದವರು. ಸಿನಿಮಾ ಇರುವ, ಬಯಲಾಟ ಇರುವ, ಊರೂರಿಗೆ ಹತ್ತು ಹುಡುಗರು ಫೋನ್ ಹಿಡಿದು ಚಿತ್ರಿಸುವ ದೇಶ ನಮ್ಮದು, ಕಣ್ಣಿಗೆ ಕಾಣುವ ಕಲೆಯ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ.

ಆ ಶನಿವಾರ ರಾತ್ರಿ ಬಸ್ಸು ಹತ್ತಿದೆ. ಭಾನುವಾರ ತಮ್ಮನ ಬೈಕ್ ಮೇಲೆ ಆ ಹಳ್ಳಿಗೆ ಹೋದೆವು. ಗೌಳಗಿತ್ತಿ ಪಾತ್ರದ ಆಯಿಗೆ ಅರವತ್ತು ದಾಟಿದೆ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ತಮ್ಮ ತಲೆ ಕೆಳಗೆ ಹಾಕಿ ನಿಂತ, ನಾನೇ ಎಲ್ಲ ಹೇಳಿದೆ. ಸಿಟ್ಟಾಗಲಿಲ್ಲ. ಒಂದೇ ಕೇಳಿದರು: ‘ನನ್ನ ಹೆಸರ ಬರದೀರೇನ ಅದರಾಗ?’

ಬರೆದಿರಲಿಲ್ಲ. ಮೇಳದ ಹೆಸರಿತ್ತು, ಊರಿನ ಹೆಸರಿತ್ತು, ಚಾನೆಲ್ ಹೆಸರು ಎರಡು ಸಲ ಇತ್ತು. ಹೆಸರು ಹಾಕಿಸಿಕೊಳ್ಳೋದು ಕಲಾವಿದರ ಹಕ್ಕು ಅಂತ ಕಾಯ್ದೆಯಲ್ಲಿ ಬೇರೆ ಕಲಮೇ ಇದೆ, ಆದರೆ ಅವರ ಎದುರಿಗೆ ಅದನ್ನು ಹೇಳೋಕೆ ನನಗೆ ಬಾಯಿ ಬರಲಿಲ್ಲ.

ನಾನು ಒಂದು ಹಾಳೆಯ ಕರಾರು ಬರೆದುಕೊಂಡು ಹೋಗಿದ್ದೆ. ನೀವು ಯಾರಾದರೂ ಊರ ಕಲಾವಿದರ ವಿಡಿಯೊ ಮಾಡುವವರಿದ್ದರೆ ಇದೊಂದು ನೆನಪಿಡಿ: ಕರಾರಿನಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾಯ್ದೆ ಐದೇ ವರ್ಷ ಅನ್ನುತ್ತೆ. ಯಾವ ದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ ಅನ್ನುತ್ತೆ. ದೋಹಾ, ಮ್ಯೂನಿಕ್ ಎಲ್ಲ ಬೇಕಿದ್ದರೆ ಬರೆಯಲೇಬೇಕು. ನಾನು ಐದು ವರ್ಷ, ಇಡೀ ಜಗತ್ತು, ಬಂದ ದುಡ್ಡಿನಲ್ಲಿ ಮೇಳಕ್ಕೆ ಅರ್ಧ ಅಂತ ಬರೆದಿದ್ದೆ. ತಮ್ಮ ಓದಿ ಹೇಳಿದ. ಮೇಳದ ಮಾಸ್ತರ ಕೇಳಿ ಸಹಿ ಹಾಕಿದರು, ಕೃಷ್ಣ ಹಾಕಿದ, ದೂತಿ ಹಾಕಿದ.

ಆಯಿ ಪೆನ್ನು ಹಿಡಿದು ನಿಂತರು. ‘ಇದರಾಗ ಜರ್ಮನಿ ಎಲ್ಲಿ ಐತಿ?’

‘ಜಗತ್ತ ಅಂತ ಬರದೈತಲ್ರಿ ಆಯಿ, ಅದರಾಗ ಬಂತ್ರಿ’ ಅಂದ ತಮ್ಮ.

‘ಜಗತ್ತ ಗಿಗತ್ತ ನನಗ ಗೊತ್ತಿಲ್ಲ. ಆ ಹುಡಗಿ ಇರೂ ಊರ ಬ್ಯಾರೇನ ಬರಿ.’

ಅಂಚಿನಲ್ಲಿ ‘ಜರ್ಮನಿ ಸಹಿತ’ ಅಂತ ಪೆನ್ನಿನಲ್ಲಿ ಸೇರಿಸಿದ. ಆಮೇಲೆ ಸಹಿ ಹಾಕಿದರು, ಒಂದೊಂದೇ ಅಕ್ಷರ, ನಿಧಾನಕ್ಕೆ. ಆ ಕ್ಯಾಸೆಟ್ಟಿನ ಗಣಪತಿ ಪದ ತೆಗೆದದ್ದು ಕೇಳಿ, ‘ಅದರಾಗೇನ ಐತಿ, ನಾ ಹಾಡತೀನಿ ತಡಿ’ ಅಂದವರೇ ಶೇಂಗಾ ಬುಟ್ಟಿ ಪಕ್ಕಕ್ಕೆ ಸರಿಸಿ ಶುರು ಮಾಡಿದರು. ಹಿಂದೆ ಒಂದು ಕೋಳಿ ಕೂಗಿದ್ದೂ ಮುದ್ರಣದಲ್ಲಿ ಬಂದಿದೆ. ತಮ್ಮ ಅದನ್ನು ತೆಗೆಯಲಿಲ್ಲ.

ಬುಧವಾರ ಮ್ಯೂನಿಕ್‌ನಿಂದ ತಂಗಿ ಮೆಸೇಜ್ ಹಾಕಿದಳು: ‘ಕಾಣಾಕತ್ತೈತಿ! ಅಕ್ಕಾ, ಈ ಗೌಳಗಿತ್ತಿ ಯಾರ? ಭಾರೀ ಮಾಡ್ಯಾರ.’

‘ಶುರುವಿನಾಗ ಹೆಸರ ಐತಿ ನೋಡು, ಎಲ್ಲಾರಕಿಂತ ಮೊದಲ’ ಅಂತ ಉತ್ತರ ಹಾಕಿದೆ.